ಕಾಂಕ್ರೀಟ್ ಮನೆಗೆ ಮೆಶ್ ವೈಫೈ: ಪೆಟ್ಟಿಗೆಗಿಂತ ಮೊದಲು ತಂತಿ

ದೀಪ, ಫ್ಯಾನು, ಬಾಗಿಲಿನ ಬೀಗ, ಗೇಟಿನ ಕ್ಯಾಮೆರಾ, ನೀರಿನ ಪಂಪು ಎಲ್ಲವೂ ಮೊಬೈಲಿನ ಅಪ್ಪಣೆಗೆ ಸ್ಪಂದಿಸುವ ಮನೆಯನ್ನು ಸ್ಮಾರ್ಟ್ ಹೋಮ್ ಎನ್ನುವುದು ಈಗ ರೂಢಿಯಾಗಿದ್ದು, ಅಂತಹ ಮನೆಯ ಯಾವುದೋ ಮೂಲೆಯಲ್ಲಿ ವೈಫೈ ಸೋತರೆ ಅಲ್ಲಿನ ದುಬಾರಿ ಉಪಕರಣವು ಸಾಧಾರಣ ಸ್ವಿಚ್ಚಿಗಿಂತಲೂ ಕಡೆಯಾಗುತ್ತದೆ. ಈ ಕೊರತೆಯನ್ನು ನೀಗಿಸಲು ಬಂದಿರುವ ವ್ಯವಸ್ಥೆಯೇ ಮೆಶ್ ವೈಫೈ. ಒಂದೇ ರೂಟರಿನ ಬದಲು ನೋಡ್ ಎಂದು ಕರೆಯಲಾಗುವ ಎರಡು ಮೂರು ಪೆಟ್ಟಿಗೆಗಳನ್ನು ಮನೆಯ ಬೇರೆಬೇರೆ ಕಡೆ ಇರಿಸಿ, ಅವೆಲ್ಲ ಒಂದೇ ಹೆಸರು, ಒಂದೇ ಪಾಸ್‌ವರ್ಡಿನ ಜಾಲವಾಗಿ ವರ್ತಿಸುವಂತೆ ಮಾಡುವುದು ಅದರ ತತ್ವ. ಹಳೆಯ ರಿಪೀಟರ್ ಬಂದ ಸಂಕೇತವನ್ನು ಮತ್ತೆ ಬಿತ್ತರಿಸಿ ಸುಮ್ಮನಾಗುತ್ತದೆ. ಮೆಶ್ ನೋಡ್‌ಗಳಾದರೋ ಪರಸ್ಪರ ಮಾಹಿತಿ ಹಂಚಿಕೊಂಡು, ಕೋಣೆಯಿಂದ ಕೋಣೆಗೆ ನಡೆಯುವವರ ಮೊಬೈಲು ಯಾವ ನೋಡ್‌ಗೆ ಸೇರಿದರೆ ಒಳಿತೆಂದು ಸೂಚಿಸುತ್ತವೆ.

ಖರೀದಿದಾರರು ಸಾಮಾನ್ಯವಾಗಿ ಮೊದಲು ನೋಡುವುದು ಡಬ್ಬಿಯ ಮೇಲೆ ಮುದ್ರಿಸಿದ ಚದರಡಿ ಲೆಕ್ಕವನ್ನು. ಆದರೆ ನಮ್ಮ ಮನೆಗಳ ಮಟ್ಟಿಗೆ ಅಷ್ಟೇನೂ ನಂಬಲಾಗದ ಸಂಖ್ಯೆ ಅದೇ. ಅಮೆರಿಕದ ಬಹುಪಾಲು ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆಯಾಗಿದ್ದು, ರೇಡಿಯೋ ಅಲೆಗಳು ಅದನ್ನು ಸುಲಭವಾಗಿ ದಾಟುತ್ತವೆ. ಬೆಂಗಳೂರಿನ 30×40 ಅಡಿ ನಿವೇಶನದಲ್ಲಿ ಮೂರು ಅಂತಸ್ತು ಏರಿದ ಮನೆಯಲ್ಲಿ ಪ್ರತಿ ಮಹಡಿಯ ನಡುವೆ ಕಬ್ಬಿಣದ ಸರಳುಗಳನ್ನು ಹೆಣೆದ ಕಾಂಕ್ರೀಟ್ ಚಾವಣಿ ಇರುತ್ತದೆ. ಕರಾವಳಿಯ ಮನೆಗಳಲ್ಲಿ ದಪ್ಪನೆಯ ಮುರಕಲ್ಲಿನ ಗೋಡೆಗಳಿರುತ್ತವೆ. ಇವುಗಳ ಜೊತೆಗೆ ಉಕ್ಕಿನ ಬೀರು, ದೊಡ್ಡ ಕನ್ನಡಿ, ನೀರಿನ ತೊಟ್ಟಿಗಳೂ ಅಲೆಗಳಿಗೆ ಅಡ್ಡಿಯೇ. ಆದ್ದರಿಂದ ಚದರಡಿಯನ್ನು ಬದಿಗಿಟ್ಟು, ರೂಟರಿನಿಂದ ಪ್ರತಿ ಕೋಣೆಗೆ ಎಷ್ಟು ಗೋಡೆ, ಎಷ್ಟು ಚಾವಣಿ ದಾಟಬೇಕೆಂದು ಎಣಿಸುವುದೇ ಸರಿಯಾದ ಅಳತೆ.

ನೋಡ್‌ಗಳ ನಡುವೆ ಮಾಹಿತಿ ಹರಿಯುವ ದಾರಿಗೆ ಬ್ಯಾಕ್‌ಹಾಲ್ ಎಂದು ಹೆಸರು, ಮತ್ತು ಇಡೀ ಆಯ್ಕೆಯ ಮರ್ಮ ಅಡಗಿರುವುದು ಅಲ್ಲಿಯೇ. ಎರಡು ಬ್ಯಾಂಡಿನ, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್‌ನ ತಲಾ ಒಂದು ರೇಡಿಯೋ ಇರುವ ಅಗ್ಗದ ಮೆಶ್‌ನಲ್ಲಿ ಒಂದೇ ರೇಡಿಯೋ ಮೊಬೈಲಿನೊಡನೆಯೂ ಮುಖ್ಯ ನೋಡ್‌ನೊಡನೆಯೂ ಸರದಿಯಂತೆ ಮಾತಾಡಬೇಕಾದ್ದರಿಂದ ನೋಡ್‌ನಿಂದ ನೋಡ್‌ಗೆ ಹಾರುವ ಒಂದು ನೆಗೆತಕ್ಕೆ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ, ಎರಡನೆಯ ನೆಗೆತಕ್ಕೆ ಇನ್ನಷ್ಟು ಕುಸಿಯುತ್ತದೆ. ಮೂರು ಬ್ಯಾಂಡಿನ ವ್ಯವಸ್ಥೆಗಳು ನೋಡ್‌ಗಳ ನಡುವಿನ ಸಂಭಾಷಣೆಗೆ ಪ್ರತ್ಯೇಕ ರೇಡಿಯೋ ಒದಗಿಸುತ್ತವೆಯಾದರೂ, ಆ ಅಲೆಯೂ ಅದೇ ಚಾವಣಿಯನ್ನು ದಾಟಲೇಬೇಕು. ಈ ತೊಡಕುಗಳೆಲ್ಲ ಒಂದು ಈಥರ್ನೆಟ್ ತಂತಿಯಿಂದ ಪರಿಹಾರವಾಗುತ್ತವೆ: ಕ್ಯಾಟ್ 6 ದರ್ಜೆಯ ಕೇಬಲ್ 100 ಮೀಟರ್ ದೂರದವರೆಗೆ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗವನ್ನು ಕುಗ್ಗಿಸದೆ ಸಾಗಿಸಬಲ್ಲದು. ತಂತಿಯಿಂದ ಜೋಡಿಸಿದ ಸಾಧಾರಣ ವೈಫೈ 6 ನೋಡ್‌ಗಳು ಕಾಂಕ್ರೀಟ್ ಮನೆಯಲ್ಲಿ ತಂತಿಯಿಲ್ಲದ ದುಬಾರಿ ವೈಫೈ 7 ವ್ಯವಸ್ಥೆಗಿಂತ ಹೆಚ್ಚು ನೆಚ್ಚಿಕೆಗೆ ಅರ್ಹವೆಂದು ಹೇಳಲು ಹಿಂಜರಿಯಬೇಕಿಲ್ಲ. ಮನೆ ಕಟ್ಟಿಸುತ್ತಿರುವವರು ವಿದ್ಯುತ್ ತಂತಿಯ ಪೈಪಿನಿಂದ ಬೇರೆಯಾಗಿ, ಪ್ರತಿ ಮಹಡಿಯ ನಡುಭಾಗಕ್ಕೆ ಒಂದೊಂದು ಖಾಲಿ ಪೈಪನ್ನಾದರೂ ಗಾರೆಗೆ ಮೊದಲೇ ಹಾಕಿಸಿಟ್ಟುಕೊಳ್ಳಬೇಕು. ಆಮೇಲೆ ಗೋಡೆ ಕೊರೆಸುವ ಖರ್ಚಿನ ಮುಂದೆ ಪೈಪಿನ ಬೆಲೆ ಏನೇನೂ ಅಲ್ಲ. ಕಟ್ಟಿ ಮುಗಿದ ಮನೆಯಲ್ಲಿ ನೋಡ್‌ಗಳನ್ನು ಮೆಟ್ಟಿಲ ಬಳಿ ಒಂದರ ಮೇಲೊಂದು ಬರುವಂತೆ ಇರಿಸಿದರೆ ಅಲೆಗಳಿಗೆ ತೆರೆದ ದಾರಿ ಸಿಗುತ್ತದೆ.

ಸ್ಮಾರ್ಟ್ ಉಪಕರಣಗಳ ಅಗತ್ಯವೇ ಬೇರೆ. ಬಲ್ಬು, ಪ್ಲಗ್ಗುಗಳಲ್ಲಿ ಬಹುತೇಕ 2.4 ಗಿಗಾಹರ್ಟ್ಸ್ ಚಿಪ್ ಮಾತ್ರ ಇರುವುದು ಅದು ಅಗ್ಗವೆಂಬ ಕಾರಣಕ್ಕೆ, ಜೊತೆಗೆ ಆ ಅಲೆ ಗೋಡೆಗಳನ್ನು 5 ಗಿಗಾಹರ್ಟ್ಸ್‌ಗಿಂತ ಚೆನ್ನಾಗಿ ದಾಟುತ್ತದೆ. ಅವುಗಳಿಗೆ ವೇಗ ಬೇಡ, ಕಡಿಯದ ಸಂಪರ್ಕ ಸಾಕು. ಈ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ ಆಗಿದ್ದು, ಜಿಗ್‌ಬೀ ಮತ್ತು ಥ್ರೆಡ್ ಎಂಬ ಕಡಿಮೆ ವಿದ್ಯುತ್ತಿನ ಜಾಲಗಳೂ ಇದೇ ಜಾಗದಲ್ಲಿ ಕೆಲಸ ಮಾಡುವುದರಿಂದ, ಅಗತ್ಯಕ್ಕಿಂತ ಹೆಚ್ಚು ನೋಡ್ ಇರಿಸಿದರೆ ಅವು ಒಂದಕ್ಕೊಂದು ಅಡ್ಡಬರುತ್ತವೆ. ಉಪಕರಣಗಳಿಗೆಂದೇ 2.4ರ ಪ್ರತ್ಯೇಕ ಜಾಲ ರಚಿಸಲು ಅವಕಾಶವಿರುವ ಮೆಶ್ ಉತ್ತಮ. ಬಲ್ಬಿನ ಮೊದಲ ಜೋಡಣೆ ಅದರಿಂದ ಸುಲಭವಾಗುವುದಲ್ಲದೆ, ಭದ್ರತೆ ಸಡಿಲವಾದ ಕ್ಯಾಮೆರಾ ಮನೆಯ ಕಂಪ್ಯೂಟರಿನ ತಂಟೆಗೆ ಹೋಗದಂತೆ ತಡೆಯಲೂ ಸಾಧ್ಯವಾಗುತ್ತದೆ.

ವೈಫೈ 7ರ ಆಕರ್ಷಣೆಯಲ್ಲಿ ದೊಡ್ಡ ಪಾಲು 6 ಗಿಗಾಹರ್ಟ್ಸ್ ಬ್ಯಾಂಡಿನದು. ಅಮೆರಿಕ 2020ರಲ್ಲಿಯೇ ಇದನ್ನು 5925ರಿಂದ 7125 ಮೆಗಾಹರ್ಟ್ಸ್‌ವರೆಗೆ ಪರವಾನಗಿಯಿಲ್ಲದ ಬಳಕೆಗೆ ತೆರೆಯಿತು. ಭಾರತದ ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳಲ್ಲಿ ಪ್ರಕಟಿಸಿದ ಕರಡು ನಿಯಮ 6425 ಮೆಗಾಹರ್ಟ್ಸ್‌ವರೆಗಿನ ಕೆಳಭಾಗಕ್ಕೆ ಸೀಮಿತವಾಗಿತ್ತು. ಹೀಗಾಗಿ ಅಮೆರಿಕದಿಂದ ಬಂಧುಗಳು ತಂದುಕೊಡುವ ರೂಟರು ಇಲ್ಲಿನ ನಿಯಮಕ್ಕೆ ಹೊಂದುತ್ತದೆಂದು ಭಾವಿಸಲಾಗದು. ಅದೂ ಅಲ್ಲದೆ 6 ಗಿಗಾಹರ್ಟ್ಸ್ ಅಲೆ ಕಾಂಕ್ರೀಟಿನ ಎದುರು ಇನ್ನೂ ದುರ್ಬಲ.

ಕರೆಂಟು ಹೋದಾಗ ಮುಖ್ಯ ರೂಟರಿಗೆ ಯುಪಿಎಸ್ ಇದ್ದು ಮೇಲ್ಮಹಡಿಯ ನೋಡ್‌ಗೆ ಇಲ್ಲದಿದ್ದರೆ ಅಷ್ಟು ಭಾಗದ ಮನೆ ಜಾಲದಿಂದ ಕಳಚಿಕೊಳ್ಳುವುದರಿಂದ, ಫೈಬರ್ ಪೆಟ್ಟಿಗೆಯೂ ಸೇರಿ ಎಲ್ಲ ನೋಡ್‌ಗಳನ್ನು ಇನ್ವರ್ಟರಿನ ಲೈನಿಗೆ ಜೋಡಿಸಬೇಕು. ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಇನ್ನೆರಡಿವೆ: ತಯಾರಕರು ಭದ್ರತಾ ಅಪ್‌ಡೇಟ್‌ಗಳನ್ನು ಎಷ್ಟು ವರ್ಷ ಕೊಡುತ್ತಾರೆ, ಮತ್ತು ಹೊರಗಿನ ಇಂಟರ್ನೆಟ್ ನಿಂತಾಗಲೂ ಮನೆಯೊಳಗಿನ ಜಾಲ ತಾನಾಗಿ ನಡೆಯುತ್ತದೆಯೇ. ಎರಡನೆಯದಕ್ಕೆ ಹೌದೆಂಬ ಉತ್ತರ ದೊರೆತರೆ, 2022ರಲ್ಲಿ ಬಿಡುಗಡೆಯಾದ ಮ್ಯಾಟರ್ ಎಂಬ ಸ್ಮಾರ್ಟ್ ಉಪಕರಣಗಳ ಮಾನದಂಡವನ್ನು ಪಾಲಿಸುವ ದೀಪ, ಸ್ವಿಚ್ಚುಗಳು ಬೀದಿಯ ಫೈಬರ್ ಕಡಿದ ದಿನವೂ ಮನೆಯವರ ಅಪ್ಪಣೆಯನ್ನು ಪಾಲಿಸುತ್ತವೆ.