ನೆಗೆಟಿವ್ ಎಂದು ಬಂದ ಟ್ಯೂಬು

ಕಾನಹೊಸಹಳ್ಳಿ ಹೆದ್ದಾರಿಯ ಊರು. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಇಲ್ಲೇ ಹಾದುಹೋಗುತ್ತದೆ. ಲಾರಿಗೆ ಅದು ಹತ್ತಿರದ ದಾರಿ, ಜ್ವರದವರ ತೋಳಿನಿಂದ ತೆಗೆದ ರಕ್ತಕ್ಕೆ ಹತ್ತಿರದ್ದಲ್ಲ. ಕೂಡಲೇ ಫಲಿತಾಂಶ ಹೇಳುವ ಕಾರ್ಡ್ ಟೆಸ್ಟ್ ಊರಲ್ಲೇ ಆದೀತು. ಡೆಂಗಿಯನ್ನು ಖಚಿತಪಡಿಸುವ ಎಲೀಸಾ ಪರೀಕ್ಷೆಗೆ, ರಕ್ತದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರಿಗೆ ಸ್ಯಾಂಪಲ್ಲು ಹೊಸಪೇಟೆಯ ಇಲ್ಲವೇ ಬಳ್ಳಾರಿಯ ಕಡೆ ಹೊರಡಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿನ ಹಳ್ಳಿಗಳ ಪಾಡೂ ಇದೇ. ಆ ದಾರಿಯಲ್ಲಿ ಟ್ಯೂಬಿನೊಳಗೆ ಏನಾಗುತ್ತದೆ ಎಂಬುದನ್ನು ಯಾರೂ ಬರೆದಿಡುವುದಿಲ್ಲ. ನನ್ನ ಆತಂಕವಿರುವುದು ಅಲ್ಲೇ.

ತೋಳಿನಿಂದ ಹೊರಬಂದ ಮೇಲೂ ರಕ್ತ ಜೀವಂತವಾಗಿಯೇ ಇರುತ್ತದೆ. ರಕ್ತಕಣಗಳು ಸುತ್ತಲಿನ ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಕೋಣೆಯ ಉಷ್ಣತೆಯಲ್ಲೇ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಸಕ್ಕರೆ ಖರ್ಚಾಗುತ್ತದೆ, ಸೆಕೆ ಏರಿದಂತೆ ಇನ್ನೂ ಬೇಗ. ಕಣದ ಪೊರೆ ಸೋತು ಒಡೆದರೆ ಒಳಗಿನ ಹಿಮೋಗ್ಲೋಬಿನ್ ಹೊರಗೆ ಚೆಲ್ಲುತ್ತದೆ. ಇದನ್ನು ಹಿಮಾಲಿಸಿಸ್ ಎನ್ನುತ್ತಾರೆ. ಇದು ಬರಿಗಣ್ಣಿಗೇ ಕಾಣುತ್ತದೆ. ಚೆನ್ನಾಗಿರುವ ಟ್ಯೂಬನ್ನು ಬೆಳಕಿಗೆ ಹಿಡಿದರೆ, ಹೆಪ್ಪಿನ ಮೇಲೆ ನಿಂತ ತಿಳಿಭಾಗ, ಅಂದರೆ ಸೀರಮ್, ಒಣಗಿದ ಜೋಳದ ದಂಟಿನ ಬಣ್ಣದಲ್ಲಿರುತ್ತದೆ. ಕೆಟ್ಟಿದ್ದರೆ ದಾಳಿಂಬೆ ತೊಳೆದ ನೀರಿನಂತೆ. ಆ ಕೆಂಪು, ಬಣ್ಣ ಅಳೆದು ಫಲಿತಾಂಶ ಹೇಳುವ ಪರೀಕ್ಷೆಗಳ ಲೆಕ್ಕವನ್ನೇ ಕೆಡಿಸಬಲ್ಲದು.

ಹಾಗಾದರೆ ಫ್ರಿಜ್ಜಿನಲ್ಲಿಟ್ಟರೆ ಆಯಿತಲ್ಲ ಅನ್ನಿಸುವುದು ಸಹಜ. ಆದರೆ ಕಣಗಳನ್ನು ಬೇರ್ಪಡಿಸದ ರಕ್ತವನ್ನು ಐಸಿಗೆ ತಾಗಿಸಿಟ್ಟರೆ ಕಣಗಳು ಗಡ್ಡೆಕಟ್ಟಿ ಒಡೆಯುತ್ತವೆ. ಮೊದಲು ಅರ್ಧ ಗಂಟೆ ಹೆಪ್ಪಾಗಲು ಬಿಡಬೇಕು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಬೇಕು, ಮೇಲಿನ ಸೀರಮ್ಮನ್ನು ಬೇರೆ ಶೀಶೆಗೆ ತೆಗೆಯಬೇಕು, ಆಮೇಲೆ 2ರಿಂದ 8 ಡಿಗ್ರಿ ತಂಪು. ಹೀಗೆ ಮಾಡಿದ ಸೀರಮ್ ಕೆಲವು ದಿನ ತಡೆಯುತ್ತದೆ. ಕಲ್ಚರ್ ಬಾಟಲಿಗೆ ನಿಯಮವೇ ತಿರುಗಾಮುರುಗ: ಅದನ್ನು ಫ್ರಿಜ್ಜಿಗೆ ಇಡಲೇಬಾರದು, ತಂಪಿಗೆ ಸೂಕ್ಷ್ಮ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಟೈಫಾಯ್ಡ್ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ ಇರುವುದೇ ಒಂದು ಬ್ಯಾಕ್ಟೀರಿಯಾ, ಕೆಲವೊಮ್ಮೆ ಅದಕ್ಕೂ ಕಡಿಮೆ. ಅಷ್ಟರಲ್ಲೂ ಕೆಲವು ದಾರಿಯಲ್ಲೇ ಸತ್ತರೆ ಬಾಟಲಿಯಲ್ಲಿ ಬೆಳೆಯಲು ಏನೂ ಉಳಿಯುವುದಿಲ್ಲ. ಇನ್ನು ಆರೋಗ್ಯ ಕೇಂದ್ರದಲ್ಲಿ ನೆಚ್ಚಬಹುದಾದಂತೆ ತಂಪು ಹಿಡಿಯುವ ಪೆಟ್ಟಿಗೆ ಲಸಿಕೆ ಇಡುವ ಫ್ರಿಜ್ಜಾದ ಐಎಲ್‌ಆರ್ ಒಂದೇ. ಅದರಲ್ಲಿ ಸ್ಯಾಂಪಲ್ ಇಡಬಾರದೆಂಬ ನಿಯಮವಿದೆ, ಅದು ಸರಿಯಾದ ನಿಯಮವೂ ಹೌದು. ಆಗ ಉಳಿಯುವುದು ಕರೆಂಟ್ ಹೋದರೆ ಕೆಲವೇ ಗಂಟೆಗಳಲ್ಲಿ ಬೆಚ್ಚಗಾಗುವ ಮನೆಬಳಕೆಯ ಫ್ರಿಜ್.

ಎಲ್ಲ ಪರೀಕ್ಷೆಗೂ ಒಂದೇ ಪೆಟ್ಟು ಬೀಳುವುದಿಲ್ಲ. ದೇಹ ತಯಾರಿಸಿದ ಪ್ರತಿಕಾಯಗಳು, ಉದಾಹರಣೆಗೆ ಡೆಂಗಿಯ ಐಜಿಎಂ, ಸಾಕಷ್ಟು ಗಟ್ಟಿ. ಒಂದಷ್ಟು ಸೆಕೆ ತಾಳುತ್ತವೆ. ವೈರಸ್ಸಿನ ಆರ್‌ಎನ್‌ಎ ಹಾಗಲ್ಲ, ರಕ್ತದಲ್ಲೇ ಇರುವ ಕಿಣ್ವಗಳು ಅದನ್ನು ತುಂಡರಿಸಿಬಿಡುತ್ತವೆ. ತೊಂದರೆ ಏನೆಂದರೆ, ಐಜಿಎಂ ಕಾಣಿಸಿಕೊಳ್ಳುವುದು ಜ್ವರ ಶುರುವಾಗಿ ಸುಮಾರು ಐದು ದಿನವಾದ ಮೇಲೆ. ಅದಕ್ಕೂ ಮೊದಲಿನ ದಿನಗಳಲ್ಲಿ ರೋಗ ಹಿಡಿಯಬೇಕಾದರೆ ವೈರಸ್ಸಿನದೇ ಪ್ರೋಟೀನಾದ ಎನ್‌ಎಸ್1 ಅನ್ನೋ ಆರ್‌ಎನ್‌ಎಯನ್ನೋ ಹುಡುಕಬೇಕು. ಸೊಳ್ಳೆ ತಡೆಯಲು ಸಮಯ ಸಿಗುವುದು ಈ ದಿನಗಳಲ್ಲಿಯೇ.

ಹಾಳಾದ ಸ್ಯಾಂಪಲ್ ತಾನು ಹಾಳಾಗಿದ್ದೇನೆ ಎಂದು ಹೇಳುವುದಿಲ್ಲ. ಬಹುಪಾಲು ಅದು 'ನೆಗೆಟಿವ್' ಎಂದೇ ಬರುತ್ತದೆ, ನಿಜವಾದ ನೆಗೆಟಿವ್‌ಗೂ ಅದಕ್ಕೂ ಕಾಗದದ ಮೇಲೆ ಏನೂ ವ್ಯತ್ಯಾಸ ಕಾಣದು. ಹಾಗಾಗಿ ಈ ತಪ್ಪು ಒಂದೇ ದಿಕ್ಕಿಗೆ ವಾಲುತ್ತದೆ. ಲ್ಯಾಬಿಗೆ ಹತ್ತಿರದ ಊರಲ್ಲಿ ರೋಗ ಇದ್ದಷ್ಟೂ ಕಾಣುತ್ತದೆ, ದೂರದ ಊರಲ್ಲಿ ಇದ್ದದ್ದಕ್ಕಿಂತ ಕಡಿಮೆ. ಲಾರ್ವಾ ಸಮೀಕ್ಷೆ, ಫಾಗಿಂಗ್, ಔಷಧಿ ಹೋಗುವುದು ಲೆಕ್ಕದಲ್ಲಿ ಕೇಸು ಕಂಡ ಕಡೆಗೆ. ದಾರಿ ಉದ್ದವಾದಷ್ಟೂ ಊರು ಆರೋಗ್ಯವಾಗಿರುವಂತೆ ಕಾಣುತ್ತದೆ. ಕಲ್ಚರ್ ಬೆಳೆಯದಿದ್ದರೆ ಯಾವ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ ಎಂಬುದೂ ತಿಳಿಯದು, ವೈದ್ಯರು ಅಂದಾಜಿನ ಮೇಲೆ ದೊಡ್ಡ ಔಷಧಿಯನ್ನೇ ಬರೆಯಬೇಕಾಗುತ್ತದೆ.

ಲೆಕ್ಕದ ಈ ವಾಲುವಿಕೆ ಬರುವ ವರ್ಷಗಳಲ್ಲಿ ಹೆಚ್ಚುತ್ತದೆ ಎನ್ನಲು ಕಾರಣವಿದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಸೀಮೆ 40 ಡಿಗ್ರಿ ಮುಟ್ಟುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ವಾಹನದ ಒಳಗೆ ಅರ್ಧ ಗಂಟೆಯಲ್ಲಿ ಹೊರಗಿಗಿಂತ 10 ಡಿಗ್ರಿಗೂ ಹೆಚ್ಚು ಏರುತ್ತದೆ. ಹವಾಮಾನ ಇಲಾಖೆಯ 1901ರಿಂದೀಚಿನ ದಾಖಲೆಗಳಲ್ಲಿ ದೇಶಕ್ಕೆ ಅತಿ ಬಿಸಿಯ ವರ್ಷ 2024. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. 30 ಡಿಗ್ರಿಯ ಸುತ್ತ ಸೊಳ್ಳೆಯ ದೇಹದಲ್ಲಿ ಡೆಂಗಿ ವೈರಸ್ ಬೇಗ ಬಲಿಯುತ್ತದೆ. ರೋಗವನ್ನು ಬೆಳೆಸುವ ಸೆಕೆಯೇ ರೋಗದ ಸಾಕ್ಷಿಯನ್ನೂ ಅಳಿಸುತ್ತದೆ.

ಸಾಕ್ಷಿ ಕೆಡದೆ ತಲುಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಸ್ಯಾಂಪಲ್ಲುಗಳಿಂದ ವೈರಸ್ಸನ್ನು ಇಲಿಮರಿಗಳಲ್ಲಿ ಬೆಳೆಸಿ, ಜಗತ್ತಿಗೆ ಗೊತ್ತಿಲ್ಲದ ಒಂದು ರೋಗವನ್ನು ಗುರುತಿಸಿದರು. ಬೆಳೆಸಬೇಕಾದರೆ ವೈರಸ್ ಜೀವಂತವಾಗಿ ತಲುಪಿರಲೇಬೇಕು. ಅಂದು ಸ್ಯಾಂಪಲ್ಲು ದಾರಿಯಲ್ಲಿ ಕೆಟ್ಟಿದ್ದರೆ ಕಾಗದದಲ್ಲಿ ಉಳಿಯುತ್ತಿದ್ದದ್ದು 'ಏನೂ ಸಿಗಲಿಲ್ಲ' ಎಂಬ ಒಂದು ಸಾಲು.

ಪರಿಹಾರಗಳು ಅಗ್ಗದವು. ರಕ್ತ ತೆಗೆದಲ್ಲೇ ಒಂದು ಸಣ್ಣ ಸೆಂಟ್ರಿಫ್ಯೂಜ್. ಲಸಿಕೆ ಒಯ್ಯುವಂಥದ್ದೇ ಇನ್ನೊಂದು ಕ್ಯಾರಿಯರ್, ಸ್ಯಾಂಪಲ್ಲಿಗೆಂದೇ ಬೇರೆ. ಐಸ್ ಪ್ಯಾಕನ್ನು ಹೊರಗಿಟ್ಟು, ಅಲುಗಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಜೋಡಿಸಬೇಕೆಂಬುದು ಲಸಿಕೆ ಹಾಕುವ ನಮ್ಮ ಎಎನ್‌ಎಂಗಳಿಗೆ ಕರತಲಾಮಲಕ. ಎಚ್‌ಐವಿ ಇರುವ ತಾಯಂದಿರ ಕೂಸುಗಳ ಪರೀಕ್ಷೆಗೆ ದೇಶದಲ್ಲಿ ಆಗಲೇ ಬಳಕೆಯಲ್ಲಿರುವ ದಾರಿ ಇನ್ನೊಂದು: ಹಿಮ್ಮಡಿಯ ಕೆಲವು ಹನಿ ರಕ್ತವನ್ನು ಶೋಧಕ ಕಾಗದದ ಮೇಲೆ ಬಿಟ್ಟು, ಬಿಸಿಲು ತಾಗದಂತೆ ಕನಿಷ್ಠ 4 ಗಂಟೆ ಒಣಗಿಸಿ, ತೇವ ಹೀರುವ ಪುಡಿಯ ಪೊಟ್ಟಣದೊಡನೆ ಚೀಲದಲ್ಲಿ ಮುಚ್ಚಿದರೆ ಅದು ಅಂಚೆಯಲ್ಲೇ ಹೋದೀತು. ಕಲ್ಚರಿಗೆ ಇದು ಆಗದು, ಒಣಗಿದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ.

ಇದೆಲ್ಲಕ್ಕಿಂತ ಮೊದಲು ನಾನು ಕೇಳುವುದು ಲ್ಯಾಬ್ ರಿಜಿಸ್ಟರಿನಲ್ಲಿ ಮೂರು ಕಾಲಂ: ರಕ್ತ ತೆಗೆದ ಗಂಟೆ, ಸೀರಮ್ ಬೇರ್ಪಡಿಸಿದ ಗಂಟೆ, ಲ್ಯಾಬಿಗೆ ತಲುಪಿದಾಗ ಅದರ ಬಣ್ಣ. ಮೇ ತಿಂಗಳ ನೆಗೆಟಿವ್‌ಗಳನ್ನು ಡಿಸೆಂಬರಿನವುಗಳ ಪಕ್ಕ, ಕಾನಹೊಸಹಳ್ಳಿಯವನ್ನು ಹೊಸಪೇಟೆಯವುಗಳ ಪಕ್ಕ ಇಟ್ಟು ನೋಡಲು ಅಷ್ಟು ಸಾಕು. ಮುಂಗಾರಿನ ಜ್ವರ ಶುರುವಾಗುವುದು ಜೂನಿನಲ್ಲಿ. ಗೆರೆ ಎಳೆಯಲು ಬೇಕಿರುವುದು ಒಂದು ಸ್ಕೇಲು, ಒಂದು ಪೆನ್ನು.