ದೂರದ ಶಿಲೆಯಲ್ಲೊಂದು ಮೈಸೂರಿನ ಹೆಸರು: ಯುದ್ಧಸ್ಮರಣೆ ಮತ್ತು ರಾಜಮನೆತನಗಳು

ಬೆಂಗಳೂರಿನ ಮಾವಳ್ಳಿಗೆ ಹೊಂದಿಕೊಂಡಿರುವ ಲಾಲ್‌ಬಾಗ್ ಉದ್ಯಾನಕ್ಕೆ ಕ್ರಿ.ಶ. 1760ರಲ್ಲಿ ಅಂಕುರಾರ್ಪಣೆ ಮಾಡಿದವನು ಹೈದರ್ ಅಲಿ. ಅದನ್ನು ದೇಶವಿದೇಶಗಳ ಗಿಡಮರಗಳಿಂದ ಸಮೃದ್ಧಗೊಳಿಸಿದವನು ಅವನ ಮಗ ಟಿಪ್ಪು ಸುಲ್ತಾನ. ಇದೇ ಉದ್ಯಾನದಲ್ಲಿ 1961ರ ಫೆಬ್ರವರಿಯಲ್ಲಿ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ತಮ್ಮ ಭಾರತ ಪ್ರವಾಸದ ಸಂದರ್ಭದಲ್ಲಿ ಸಸಿಯೊಂದನ್ನು ನೆಟ್ಟರು. ಟಿಪ್ಪುವಿನ ತೋಟದಲ್ಲಿ ಆಂಗ್ಲರ ರಾಣಿ ಗಿಡ ನೆಟ್ಟ ಸಂಗತಿ ಅನೇಕರಿಗೆ ತಿಳಿದಿದೆ. ಆದರೆ ಆ ಎರಡು ಮನೆತನಗಳ ನಡುವೆ ಇನ್ನೊಂದು, ಇದಕ್ಕಿಂತ ಗಂಭೀರವಾದ ಸಂಬಂಧವಿರುವುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಆ ಸಂಬಂಧವನ್ನು ಕಲ್ಪಿಸಿದವಳು ನೂರ್ ಇನಾಯತ್ ಖಾನ್ ಎಂಬ ಮೂವತ್ತು ವರ್ಷದ ಹೆಣ್ಣುಮಗಳು. ಅದು ಪ್ರಕಟವಾದುದು ಪರದೇಶಗಳಲ್ಲಿ ನಡೆದ ಯುದ್ಧಸ್ಮರಣೆಯ ಸಮಾರಂಭಗಳಲ್ಲಿ.

1991ನೆಯ ಇಸವಿ ಮೇ 6ರಂದು ಫ್ರಾನ್ಸ್ ದೇಶದ ವಾಲಾನ್ಸೆ ಎಂಬ ಊರಿನಲ್ಲಿ ಒಂದು ಸ್ಮಾರಕದ ಉದ್ಘಾಟನೆ ನಡೆಯಿತು. ಫ್ರೆಂಚ್ ಸರ್ಕಾರದ ಮಂತ್ರಿಗಳೊಡನೆ ಆ ಸಮಾರಂಭದಲ್ಲಿ ಭಾಗವಹಿಸಿದವರು ರಾಣಿ ಎಲಿಜಬೆತ್ತರ ತಾಯಿ, ಬ್ರಿಟನ್ನಿನ ರಾಜಮಾತೆ. ಆಗ ಅವರಿಗೆ ತೊಂಬತ್ತು ವರ್ಷ ವಯಸ್ಸು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿನೊಳಕ್ಕೆ ಬ್ರಿಟನ್ನಿನ ಗುಪ್ತ ಸಂಸ್ಥೆಯೊಂದು ಕಳುಹಿಸಿದ್ದ ದೂತರ ಪೈಕಿ ಮರಳಿ ಬಾರದವರ ಹೆಸರುಗಳನ್ನು ಅಲ್ಲಿ ಕೆತ್ತಲಾಗಿದೆ. 91 ಮಂದಿ ಗಂಡಸರು, 13 ಮಂದಿ ಹೆಂಗಸರು, ಒಟ್ಟು 104 ಹೆಸರುಗಳು. ಆ ಹದಿಮೂವರಲ್ಲಿ ಒಬ್ಬಳು ನೂರ್. ರಾಜಮಾತೆಯು ತಲೆಬಾಗಿದ ಆ ಹೆಸರುಗಳ ಸಾಲಿನಲ್ಲಿ ಶ್ರೀರಂಗಪಟ್ಟಣದ ಸುಲ್ತಾನನ ವಂಶದ ಕುಡಿಯೊಂದು ಸೇರಿತ್ತೆಂಬುದು ಕನ್ನಡ ನಾಡಿನವರಿಗೆ ಚಿಂತನಾರ್ಹವಾದ ವಿಷಯ.

ನೂರಳಿಗೂ ಮೈಸೂರಿಗೂ ಇರುವ ನಂಟನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯಕ. 1799ರ ಮೇ 4ರಂದು ಟಿಪ್ಪು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತ ಮಡಿದ ಮೇಲೆ ಅವನ ಮಕ್ಕಳನ್ನು ಆಂಗ್ಲರು ವೆಲ್ಲೂರಿನ ಕೋಟೆಯಲ್ಲಿಟ್ಟರು. 1806ರಲ್ಲಿ ಅಲ್ಲಿ ಸಿಪಾಯಿಗಳ ದಂಗೆಯಾದ ನಂತರ ಆ ಪರಿವಾರವನ್ನು ದೂರದ ಕಲ್ಕತ್ತೆಗೆ ಸಾಗಿಸಲಾಯಿತು. ಹೀಗೆ ಚದುರಿಹೋದ ವಂಶದ ಹೆಣ್ಣುಮಗಳೊಬ್ಬಳನ್ನು ಮೌಲಾಬಕ್ಷ್ ಎಂಬ ಪ್ರಸಿದ್ಧ ಗಾಯಕರು ವರಿಸಿದರು. ಮೌಲಾಬಕ್ಷರು ಉತ್ತರಾದಿ ಸಂಗೀತದಲ್ಲಿ ನುರಿತವರಾಗಿದ್ದು, ದಕ್ಷಿಣಕ್ಕೆ ಬಂದು ಕರ್ನಾಟಕ ಸಂಗೀತವನ್ನೂ ಅಭ್ಯಾಸ ಮಾಡಿ ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದವರು. ಮುಂದೆ ಬರೋಡೆಯ ಮಹಾರಾಜರ ಆಶ್ರಯದಲ್ಲಿ 1886ರಲ್ಲಿ ಸಂಗೀತ ಶಾಲೆಯನ್ನು ಸ್ಥಾಪಿಸಿದ ಕೀರ್ತಿಯೂ ಅವರದೇ. ಅವರ ಮಗಳ ಮಗನೇ ಹಜರತ್ ಇನಾಯತ್ ಖಾನ್. ವೀಣಾವಾದಕರೂ ಸೂಫಿ ಸಾಧಕರೂ ಆಗಿದ್ದ ಇವರು 1910ರಲ್ಲಿ ಪಾಶ್ಚಾತ್ಯ ದೇಶಗಳಿಗೆ ತೆರಳಿ, ಅಮೆರಿಕದ ಓರಾ ರೇ ಬೇಕರ್ ಎಂಬ ಮಹಿಳೆಯನ್ನು ಮದುವೆಯಾದರು. ಅವರ ಹಿರಿಯ ಮಗಳಾಗಿ ನೂರ್ 1914ರ ಜನವರಿ 1ರಂದು ಮಾಸ್ಕೋ ನಗರದಲ್ಲಿ ಜನಿಸಿದಳು.

ಆಕೆಯ ಬಾಲ್ಯ ಕಳೆದುದು ಲಂಡನ್ನಿನಲ್ಲಿ ಮತ್ತು ಪ್ಯಾರಿಸ್ಸಿನ ಸಮೀಪದ ಸುರೇನ್ ಎಂಬ ಊರಿನಲ್ಲಿ. 1927ರಲ್ಲಿ ತಂದೆ ದೆಹಲಿಯಲ್ಲಿ ತೀರಿಕೊಂಡಾಗ ಆಕೆಗೆ ಕೇವಲ ಹದಿಮೂರು ವರ್ಷ. ಮೂವರು ತಮ್ಮ ತಂಗಿಯರ ಹೊಣೆಯನ್ನು ಆ ಎಳೆಯ ವಯಸ್ಸಿನಲ್ಲೇ ಹೊತ್ತಳು. ಸಂಗೀತವನ್ನು ಅಭ್ಯಾಸ ಮಾಡಿದಳು. ಮಕ್ಕಳ ಮನಶ್ಶಾಸ್ತ್ರವನ್ನು ಓದಿದಳು. ಬುದ್ಧನ ಪೂರ್ವಜನ್ಮಗಳನ್ನು ಹೇಳುವ ಜಾತಕ ಕಥೆಗಳಲ್ಲಿ ಇಪ್ಪತ್ತನ್ನು ಆರಿಸಿ ಮಕ್ಕಳಿಗಾಗಿ ಆಕೆ ಬರೆದ ಪುಸ್ತಕ 1939ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಅಹಿಂಸೆಯ ವಾತಾವರಣದಲ್ಲಿ ಬೆಳೆದ ಈ ಮೃದು ಸ್ವಭಾವದ ಯುವತಿ ಯುದ್ಧರಂಗಕ್ಕೆ ಇಳಿದದ್ದು ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

1940ರ ಜೂನ್ ತಿಂಗಳಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸನ್ನು ಹಿಡಿದಾಗ ಆ ಕುಟುಂಬ ಇಂಗ್ಲೆಂಡಿಗೆ ವಲಸೆ ಹೋಯಿತು. ಕಣ್ಣೆದುರಿಗೇ ನಡೆಯುತ್ತಿದ್ದ ಅನ್ಯಾಯವನ್ನು ನೋಡಿಯೂ ಸುಮ್ಮನಿರುವುದು ಧರ್ಮವಲ್ಲವೆಂದು ನೂರ್ ಮತ್ತು ಆಕೆಯ ತಮ್ಮ ವಿಲಾಯತ್ ನಿಶ್ಚಯಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಆಕೆ ವಿಮಾನಪಡೆಯ ಮಹಿಳಾ ವಿಭಾಗವನ್ನು ಸೇರಿ ನಿಸ್ತಂತು ವಾರ್ತಾಪ್ರೇಷಣೆಯನ್ನು ಕಲಿತಳು. ಭಾರತದ ಸ್ವಾತಂತ್ರ್ಯದ ಬಗ್ಗೆ ಅಧಿಕಾರಿಗಳು ಪ್ರಶ್ನಿಸಿದಾಗ, ಯುದ್ಧ ಮುಗಿದ ಮೇಲೆ ತನ್ನ ದೇಶದ ಪಕ್ಷವನ್ನೇ ತಾನು ವಹಿಸಬಹುದೆಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳೆಂದು ಜೀವನಚರಿತ್ರಕಾರರು ಬರೆದಿದ್ದಾರೆ. ಆಕೆಗೆ ಫ್ರೆಂಚ್ ಭಾಷೆ ಮಾತೃಭಾಷೆಯಷ್ಟೇ ಸರಾಗವಾಗಿದ್ದುದರಿಂದ ಗುಪ್ತ ಸಂಸ್ಥೆಯ ದೃಷ್ಟಿ ಆಕೆಯ ಮೇಲೆ ಬಿತ್ತು.

1943ರ ಜೂನ್ 16ರ ರಾತ್ರಿ ಸಣ್ಣ ವಿಮಾನವೊಂದು ಆಕೆಯನ್ನು ಫ್ರಾನ್ಸಿನ ಬಯಲೊಂದರಲ್ಲಿ ಇಳಿಸಿತು. ಆ ಸಂಸ್ಥೆಯಿಂದ ಫ್ರಾನ್ಸಿಗೆ ಹೋದ ಪ್ರಥಮ ಮಹಿಳಾ ನಿಸ್ತಂತು ನಿರ್ವಾಹಕಿ ಆಕೆಯೇ. ಈ ಕೆಲಸದ ಅಪಾಯವನ್ನು ಇಂದಿನವರು ಊಹಿಸುವುದು ಕಷ್ಟ. ಸುಮಾರು 15 ಕಿಲೋ ತೂಗುವ ಯಂತ್ರವನ್ನು ಕೈಪೆಟ್ಟಿಗೆಯಲ್ಲಿ ಅಡಗಿಸಿಕೊಂಡು ಮನೆಯಿಂದ ಮನೆಗೆ ಒಯ್ಯಬೇಕು. ಸಂದೇಶ ಕಳುಹಿಸುವ ಮುನ್ನ ಹತ್ತಾರು ಅಡಿ ಉದ್ದದ ತಂತಿಯನ್ನು ಮರಕ್ಕೋ ಕಿಟಕಿಗೋ ಕಟ್ಟಬೇಕು. ತಂತಿಯಿಂದ ಹೊರಟ ಅಲೆಗಳು ಲಂಡನ್ನಿಗೆ ಮುಟ್ಟುವಂತೆಯೇ ಶತ್ರುಗಳ ಯಂತ್ರಗಳಿಗೂ ಮುಟ್ಟುತ್ತವೆ. ಬೇರೆ ಬೇರೆ ಸ್ಥಳಗಳಿಂದ ಆ ಅಲೆಯ ದಿಕ್ಕನ್ನು ಅಳೆದು, ರೇಖೆಗಳು ಕೂಡುವ ಬೀದಿಯನ್ನು ಜರ್ಮನರು ಗುರುತಿಸುತ್ತಿದ್ದರು. ಒಂದೇ ಕಡೆ ಹೆಚ್ಚು ಹೊತ್ತು ಸಂದೇಶ ಕಳುಹಿಸುತ್ತ ಕುಳಿತರೆ ಬಾಗಿಲ ಬಳಿ ಪಹರೆಯವರು ಬಂದು ನಿಂತಂತೆಯೇ ಸರಿ. ಇಂಥ ನಿರ್ವಾಹಕರು ಸರಾಸರಿ ಆರು ವಾರಗಳಿಗಿಂತ ಹೆಚ್ಚು ಉಳಿಯುವುದಿಲ್ಲವೆಂಬುದು ಸಂಸ್ಥೆಯವರಿಗೇ ಇದ್ದ ಲೆಕ್ಕಾಚಾರ.

ನೂರ್ ಬಂದಿಳಿದ ಕೆಲವೇ ದಿನಗಳಲ್ಲಿ ಆಕೆ ಸೇರಬೇಕಾಗಿದ್ದ ಪ್ಯಾರಿಸ್ಸಿನ ದೊಡ್ಡ ಜಾಲ ಜರ್ಮನರ ಕೈಗೆ ಸಿಕ್ಕಿ ಕುಸಿದುಬಿದ್ದಿತು. ಹಿಂದಿರುಗುವಂತೆ ಲಂಡನ್ನಿನಿಂದ ಸೂಚನೆ ಬಂದರೂ, ವಾರ್ತೆ ಕಳುಹಿಸಲು ಮತ್ತಾರೂ ಉಳಿದಿಲ್ಲವೆಂಬ ಕಾರಣದಿಂದ ಆಕೆ ಒಪ್ಪಲಿಲ್ಲ. ಸುಮಾರು ನಾಲ್ಕು ತಿಂಗಳು ಒಬ್ಬಂಟಿಯಾಗಿ ದುಡಿದಳು. ಅಕ್ಟೋಬರಿನಲ್ಲಿ ಯಾರೋ ಹಣದಾಸೆಗೆ ಮಾಡಿದ ದ್ರೋಹದಿಂದ ಬಂಧನಕ್ಕೊಳಗಾದಳು. ಸೆರೆಮನೆಯಿಂದ ಎರಡು ಬಾರಿ ತಪ್ಪಿಸಿಕೊಳ್ಳಲು ಯತ್ನಿಸಿದಳು. ಮತ್ತೆ ಅಂಥ ಪ್ರಯತ್ನ ಮಾಡುವುದಿಲ್ಲವೆಂದು ಬರೆದುಕೊಡಲು ನಿರಾಕರಿಸಿದ್ದಕ್ಕಾಗಿ ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಕೈಕಾಲುಗಳಿಗೆ ಸಂಕೋಲೆ ತೊಡಿಸಿ ಏಕಾಂತದಲ್ಲಿಟ್ಟರು. ವಿಚಾರಣೆಯಲ್ಲಿ ಆಕೆ ತನ್ನ ಸಂಗಡಿಗರ ಗುಟ್ಟನ್ನು ಬಿಡಲಿಲ್ಲವೆಂದು ಜರ್ಮನ್ ಅಧಿಕಾರಿಗಳೇ ಯುದ್ಧಾನಂತರ ಒಪ್ಪಿಕೊಂಡರು. 1944ರ ಸೆಪ್ಟೆಂಬರ್ 13ರಂದು ದಖಾವ್ ಶಿಬಿರದಲ್ಲಿ ಇತರ ಮೂವರು ಮಹಿಳೆಯರೊಂದಿಗೆ ಆಕೆಯನ್ನು ಗುಂಡಿಕ್ಕಿ ಕೊಲ್ಲಲಾಯಿತು. ಮೃತದೇಹ ದೊರೆಯದಂತೆ ಸುಟ್ಟುಹಾಕಿದುದರಿಂದ ಆಕೆಗೆ ಸಮಾಧಿಯೆಂಬುದಿಲ್ಲ.

ಈ ಕಥೆಯನ್ನು ಹೇಳುವಾಗ ಅಹಿತವಾದ ಅಂಶವೊಂದನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರ. ನೂರ್ ತಾನು ಕಳುಹಿಸಿದ ಸಂದೇಶಗಳನ್ನು ಪುಸ್ತಕವೊಂದರಲ್ಲಿ ಬರೆದಿಟ್ಟುಕೊಂಡಿದ್ದಳು. ಅದೂ ಯಂತ್ರವೂ ಜರ್ಮನರ ಕೈಸೇರಿದವು. ಅವರು ಆಕೆಯ ಹೆಸರಿನಲ್ಲೇ ಲಂಡನ್ನಿಗೆ ಕಪಟ ಸಂದೇಶಗಳನ್ನು ಕಳುಹಿಸಿದರು. ಲಂಡನ್ನಿನವರು ಎಚ್ಚರಿಕೆಯ ಸೂಚನೆಗಳನ್ನು ಕಡೆಗಣಿಸಿ ನಂಬಿದರು. ಪರಿಣಾಮವಾಗಿ ಮತ್ತೆ ಕೆಲವು ದೂತರು ಆಕಾಶದಿಂದ ನೇರವಾಗಿ ಶತ್ರುಗಳ ಮಡಿಲಿಗೇ ಇಳಿದರು. ಆಕೆಯೊಡನೆ ಮಡಿದ ಮೂವರಲ್ಲಿ ಒಬ್ಬಳು ಹೀಗೆಯೇ ಸಿಕ್ಕಿಬಿದ್ದವಳು. ತರಬೇತಿ ಪೂರ್ಣಗೊಳ್ಳದ ಯುವತಿಯನ್ನು ಅವಸರದಲ್ಲಿ ಕಳುಹಿಸಿದವರ ಹೊಣೆ ಎಷ್ಟೆಂಬ ಪ್ರಶ್ನೆಯನ್ನು ಇತಿಹಾಸಕಾರರು ಇಂದಿಗೂ ಕೇಳುತ್ತಿದ್ದಾರೆ. ಸ್ಮಾರಕದ ಶಿಲೆ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಆದರೆ ಶಿಲೆಯೇ ಇಲ್ಲದಿದ್ದರೆ ಪ್ರಶ್ನೆ ಕೇಳುವವರೂ ಇರುತ್ತಿರಲಿಲ್ಲ.

ರಾಜಮನೆತನದವರು ಇಂಥ ಸಮಾರಂಭಗಳಿಗೆ ಹೋಗುವ ಪದ್ಧತಿ ಬೆಳೆದು ಬಂದುದು ಮೊದಲನೆಯ ಮಹಾಯುದ್ಧದ ತರುವಾಯ. ಹಿಂದಿನ ಕಾಲದಲ್ಲಿ ಯುದ್ಧದ ಸ್ಮಾರಕವೆಂದರೆ ದೊರೆಯ ಅಥವಾ ದಳಪತಿಯ ಸ್ಮಾರಕ; ಸಾಮಾನ್ಯ ಸಿಪಾಯಿಯ ಹೆಸರನ್ನು ಕೇಳುವವರಿರಲಿಲ್ಲ. ನಮ್ಮ ನಾಡಿನ ವೀರಗಲ್ಲುಗಳು ಈ ಮಾತಿಗೆ ಗೌರವಾರ್ಹವಾದ ಅಪವಾದ. ತುರುಗಾಳಗದಲ್ಲಿ ಮಡಿದ ಸಾಮಾನ್ಯನಿಗೂ ಊರವರು ಕಲ್ಲು ನಿಲ್ಲಿಸಿ ಹೆಸರು ಕೆತ್ತಿಸಿದ ಪರಂಪರೆ ಕನ್ನಡಿಗರದು. 1917ರಲ್ಲಿ ಸ್ಥಾಪಿತವಾದ ಯುದ್ಧಸಮಾಧಿ ಆಯೋಗವು ಅಧಿಕಾರಿ, ಸಿಪಾಯಿ ಎಂಬ ಭೇದವಿಲ್ಲದೆ ಒಂದೇ ಅಳತೆಯ ಕಲ್ಲು, ಪ್ರತಿಯೊಬ್ಬನಿಗೂ ಹೆಸರು ಎಂಬ ತತ್ತ್ವವನ್ನು ಅಂಗೀಕರಿಸಿತು. ಆಚರಣೆಯಲ್ಲಿ, ಅದರಲ್ಲಿಯೂ ಆಫ್ರಿಕ ಮತ್ತು ಏಷ್ಯದ ಸಿಪಾಯಿಗಳ ವಿಷಯದಲ್ಲಿ, ಈ ಸಮಾನತೆ ಎಲ್ಲೆಡೆ ಪಾಲನೆಯಾಗಲಿಲ್ಲವೆಂಬುದನ್ನು ಆಯೋಗವೇ 2021ರಲ್ಲಿ ಒಪ್ಪಿ ಕ್ಷಮೆ ಕೋರಿತು. 1922ರ ಮೇ ತಿಂಗಳಲ್ಲಿ ದೊರೆ ಐದನೆಯ ಜಾರ್ಜ್ ಬೆಲ್ಜಿಯಂ ಮತ್ತು ಫ್ರಾನ್ಸ್‌ಗಳ ಸಮಾಧಿಭೂಮಿಗಳನ್ನು ಯಾತ್ರಿಕನಂತೆ ಸಂದರ್ಶಿಸಿದರು. 1927ರ ಅಕ್ಟೋಬರ್ 7ರಂದು ಫ್ರಾನ್ಸಿನ ನವ್ ಶಪೆಲ್‌ನಲ್ಲಿ ಭಾರತೀಯ ಯೋಧರ ಸ್ಮಾರಕ ಉದ್ಘಾಟನೆಯಾದಾಗ ಕಪೂರ್ತಲಾದ ಮಹಾರಾಜರು ಉಪಸ್ಥಿತರಿದ್ದರು. ಸಮಾಧಿಯಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ಅಲ್ಲಿವೆ.

ಮೈಸೂರಿನ ರಾಜಮನೆತನಕ್ಕೂ ಈ ಅಧ್ಯಾಯದಲ್ಲಿ ಪಾಲುಂಟು. ನಾಲ್ವಡಿ ಕೃಷ್ಣರಾಜ ಒಡೆಯರು 1914ರಲ್ಲಿ ಯುದ್ಧದ ವೆಚ್ಚಕ್ಕಾಗಿ 50 ಲಕ್ಷ ರೂಪಾಯಿಗಳನ್ನು ನೀಡಿದುದಲ್ಲದೆ, ಸಂಸ್ಥಾನದ ಕುದುರೆಪಡೆಯಾದ ಮೈಸೂರು ಲಾನ್ಸರ್ಸ್ ದಳವನ್ನು ಈಜಿಪ್ಟಿಗೆ ಕಳುಹಿಸಿದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಸೇರಿ ಈ ದಳ ಹೈಫಾ ಪಟ್ಟಣವನ್ನು ಗೆದ್ದುಕೊಂಡಿತು. ಕಾರ್ಮೆಲ್ ಬೆಟ್ಟದ ಮೇಲಿದ್ದ ತೋಪುಗಳನ್ನು ಮೈಸೂರಿನವರು ಹತ್ತಿ ಹಿಡಿದರೆ, ಜೋಧಪುರದವರು ತಗ್ಗಿನ ದಾರಿಯಿಂದ ಪಟ್ಟಣದೊಳಕ್ಕೆ ನುಗ್ಗಿದರು. ಭರ್ಜಿ ಹಿಡಿದ ಸವಾರರು ಮಷಿನ್ ಗನ್ನುಗಳನ್ನು ಎದುರಿಸಿ 1,350 ಮಂದಿಯನ್ನು ಸೆರೆಹಿಡಿದರು. ದೆಹಲಿಯಲ್ಲಿ 1924ರಲ್ಲಿ ಅನಾವರಣಗೊಂಡ ತೀನ್‌ಮೂರ್ತಿಯ ಮೂವರು ಸವಾರರಲ್ಲಿ ಒಬ್ಬನು ಮೈಸೂರಿನವನು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿಯೂ ಈ ದಳದ ಸ್ಮಾರಕವೊಂದಿದೆ.

ನೂರಳ ವಿಷಯಕ್ಕೆ ಮರಳಿದರೆ, ಆಕೆಗೆ ಸಂದ ಗೌರವಗಳಲ್ಲಿ ಬ್ರಿಟನ್ನಿನ ರಾಜಮನೆತನದ ಪಾತ್ರ ನಿರಂತರವಾಗಿದೆ. 1949ರಲ್ಲಿ ದೊರೆ ಆರನೆಯ ಜಾರ್ಜ್ ಆಕೆಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕವನ್ನು ದಯಪಾಲಿಸಿದರು. ಫ್ರಾನ್ಸ್ ಸರ್ಕಾರ ಕ್ರ್ವಾ ದ ಗೇರ್ ಪದಕವನ್ನಿತ್ತಿತು. ಸಮಾಧಿಯಿಲ್ಲದ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಿಮಾನಪಡೆಯವರ ಹೆಸರುಗಳಿರುವ ರನ್ನಿಮೀಡ್ ಸ್ಮಾರಕವನ್ನು 1953ರ ಅಕ್ಟೋಬರಿನಲ್ಲಿ ರಾಣಿ ಎಲಿಜಬೆತ್ ಉದ್ಘಾಟಿಸಿದರು. ಅಲ್ಲಿಯೂ ನೂರಳ ಹೆಸರಿದೆ. ಎಂಟು ವರ್ಷಗಳ ಬಳಿಕ ಲಾಲ್‌ಬಾಗಿನಲ್ಲಿ ಸಸಿ ನೆಟ್ಟ ಕೈಗಳೂ ಅವೇ. 2012ರ ನವೆಂಬರ್ 8ರಂದು ಲಂಡನ್ನಿನ ಗಾರ್ಡನ್ ಸ್ಕ್ವೇರ್ ಉದ್ಯಾನದಲ್ಲಿ ಆಕೆಯ ಪ್ರತಿಮೆಯನ್ನು ರಾಜಕುಮಾರಿ ಆ್ಯನ್ ಅನಾವರಣಗೊಳಿಸಿದರು. 2023ರ ಆಗಸ್ಟಿನಲ್ಲಿ ಲಂಡನ್ನಿನ ವಿಮಾನಪಡೆಯ ಕ್ಲಬ್ಬಿನಲ್ಲಿ ಆಕೆಯ ಭಾವಚಿತ್ರವನ್ನು ರಾಣಿ ಕಮಿಲಾ ಅನಾವರಣಗೊಳಿಸಿದರು.

ಇದರಿಂದ 1799ರ ಇತಿಹಾಸ ಅಳಿಸಿಹೋಗಲಿಲ್ಲ, ಅಳಿಸಬೇಕಾಗಿಯೂ ಇಲ್ಲ. ಮನೆತನದವರು ಬಾಗಿದುದು ಸುಲ್ತಾನನ ವಂಶಕ್ಕಲ್ಲ, ಕೊಟ್ಟ ಮಾತಿಗೆ ತಪ್ಪದ ಒಬ್ಬ ವ್ಯಕ್ತಿಗೆ. ಹಾಗೆಯೇ ನೂರ್ ಪ್ರಾಣವಿತ್ತದ್ದು ಸಾಮ್ರಾಜ್ಯದ ವೈಭವಕ್ಕಲ್ಲ, ದಾಸ್ಯದಲ್ಲಿದ್ದ ಜನರ ಬಿಡುಗಡೆಗೆ. ಈ ವಿವೇಚನೆ ಇಲ್ಲದಿದ್ದರೆ ಸ್ಮರಣೆಯೆಂಬುದು ಬರಿಯ ಮೆರವಣಿಗೆಯಾಗುತ್ತದೆ. ದೊಡ್ಡವರು ಬಂದು ಹೂಮಾಲೆ ಇಟ್ಟು ಹೋಗುವುದು ಒಂದು ದಿನದ ಕಾರ್ಯ. ಉಳಿದ ದಿನಗಳಲ್ಲಿ ಆ ಹೆಸರುಗಳನ್ನು ಓದಿ, ಅವುಗಳ ಹಿಂದಿನ ಬಾಳನ್ನು ತಿಳಿದು, ಮುಂದಿನವರಿಗೆ ತಿಳಿಸುವ ಕಾರ್ಯ ಸಾಮಾನ್ಯರದು, ವಿಶೇಷವಾಗಿ ಉಪಾಧ್ಯಾಯರದು.

ಈ ಕಾರ್ಯಕ್ಕೆ ವಿದೇಶಯಾತ್ರೆ ಬೇಕಾಗಿಲ್ಲ. ಸೆಪ್ಟೆಂಬರ್ 23ರಂದು ಜಯಚಾಮರಾಜೇಂದ್ರ ನಗರದ ಸ್ಮಾರಕದ ಬಳಿಗೆ ಒಂದು ತರಗತಿಯ ಮಕ್ಕಳನ್ನು ಕರೆದೊಯ್ದು, ಹೈಫಾ ಎಲ್ಲಿದೆಯೆಂದು ಭೂಪಟದಲ್ಲಿ ತೋರಿಸಿ, ಅಲ್ಲಿಗೆ ಹೋದವರು ನಮ್ಮ ಹಳ್ಳಿಗಳ ಮಕ್ಕಳೆಂದು ಹೇಳಿದರೆ ಸಾಕು. ಅದೇ ತಿಂಗಳ 13ರಂದು ಜಾತಕ ಕಥೆಯೊಂದನ್ನು ತರಗತಿಯಲ್ಲಿ ಓದಿಸಿ, ಆ ಕಥೆಗಳನ್ನು ಮಕ್ಕಳಿಗಾಗಿ ಬರೆದವಳೊಬ್ಬಳ ಜೀವನವನ್ನು ನಾಲ್ಕು ಮಾತಿನಲ್ಲಿ ವಿವರಿಸಬಹುದು. ಸಮಾಧಿಯಿಲ್ಲದವರಿಗೆ ಹೆಸರನ್ನು ಓದುವ ಧ್ವನಿಯೇ ಸಮಾಧಿ.