ಕೊನೆಯ ಮಾತು ಯಾರದು? : ದಯಾಮರಣದ ವಿವಾದ ಮತ್ತು ಕನ್ನಡದ ಪರಿಭಾಷೆ

ಇಂದಿನ ಕನ್ನಡ ಬರವಣಿಗೆಯಲ್ಲಿ ‘ದಯಾಮರಣ’ ಎಂಬ ಒಂದೇ ಪದವು ಎರಡು ಭಿನ್ನ ಕ್ರಿಯೆಗಳಿಗೆ ಬಳಕೆಯಾಗುತ್ತಿದೆ. ಔಷಧ ಚುಚ್ಚಿ ಸಾವನ್ನು ಬರಮಾಡುವುದು ಒಂದು. ಗುಣ ಕಾಣದ ರೋಗಿಯ ಚಿಕಿತ್ಸೆಯನ್ನು ನಿಲ್ಲಿಸಿ ಸಾವು ತಾನಾಗಿ ಬರಲು ಬಿಡುವುದು ಮತ್ತೊಂದು. ಭಾರತದಲ್ಲಿ ಮೊದಲನೆಯದು ಅಪರಾಧ; ಎರಡನೆಯದಕ್ಕೆ ನಿಯಮಬದ್ಧ ಅವಕಾಶವಿದೆ. ಚರ್ಚೆ ಕಾವೇರಿದಾಗ ಈ ಭೇದ ಮರೆಯಾಗಿ, ಜೈನರ ಸಲ್ಲೇಖನವನ್ನೂ ಇದರೊಳಗೆ ಎಳೆದು ತರಲಾಗುತ್ತದೆ. ಈ ಗೊಂದಲದ ಹಿಂದಿರುವ ಮೂಲಪ್ರಶ್ನೆಯನ್ನು ಹೊರನಾಡಿನ ಸಂಶೋಧಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಅರುಣಾ ಶಾನಭಾಗ್ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದವರು, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯಲ್ಲಿ ನಡೆದ ಹಲ್ಲೆಯಿಂದ ಅವರ ಮಿದುಳಿಗೆ ತೀವ್ರ ಹಾನಿಯಾಯಿತು. ಅಲ್ಲಿಂದ ಮುಂದೆ 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅವರು ಅಲ್ಲಿಯೇ ಇದ್ದರು. ಅವರಿಗೆ ಆಹಾರ ನೀಡುವುದನ್ನು ನಿಲ್ಲಿಸಿ ನೆಮ್ಮದಿಯ ಸಾವಿಗೆ ಅನುವು ಮಾಡಿಕೊಡಬೇಕೆಂದು ಲೇಖಕಿ ಪಿಂಕಿ ವಿರಾನಿ ಸರ್ವೋಚ್ಚ ನ್ಯಾಯಾಲಯವನ್ನು ಕೋರಿದರು. ದಶಕಗಳ ಕಾಲ ಆರೈಕೆ ಮಾಡಿದ ದಾದಿಯರು ಇದನ್ನು ವಿರೋಧಿಸಿದರು. ಎರಡು ಪಕ್ಷದವರೂ ಕರುಣೆಯ ಹೆಸರಿನಲ್ಲಿಯೇ ಮಾತನಾಡಿದರೆಂಬುದು ಗಮನಾರ್ಹ. 2011ರ ಮಾರ್ಚ್ 7ರ ತೀರ್ಪು ಕೋರಿಕೆಯನ್ನು ತಿರಸ್ಕರಿಸಿತು. ರೋಗಿಯ ಪರವಾಗಿ ಮಾತನಾಡಬಲ್ಲ ಆಪ್ತರು ಆಸ್ಪತ್ರೆಯ ಸಿಬ್ಬಂದಿಯೇ ಎಂದು ಹೇಳಿತು. ಅದೇ ತೀರ್ಪು, ಉಚ್ಚ ನ್ಯಾಯಾಲಯದ ಒಪ್ಪಿಗೆ ಪಡೆದು ಚಿಕಿತ್ಸೆ ಹಿಂತೆಗೆಯಲು ದಾರಿಯನ್ನೂ ತೆರೆಯಿತು. ಅರುಣಾ ಅವರ ಸ್ವಂತ ಇಚ್ಛೆ ಏನೆಂಬುದು ಮಾತ್ರ ಯಾರಿಗೂ ತಿಳಿಯುವಂತಿರಲಿಲ್ಲ.

ಮಧ್ಯಕಾಲೀನ ಕನ್ನಡವನ್ನು ಅಭ್ಯಾಸ ಮಾಡುವ ನಮಗೆ ಇಲ್ಲಿ ಶಾಸನಗಳು ನೆನಪಾಗುತ್ತವೆ. ಹೋರಾಡಿ ಮಡಿದವನಿಗೆ ವೀರಗಲ್ಲು, ಸಹಗಮನ ಮಾಡಿದವಳಿಗೆ ಮಾಸ್ತಿಕಲ್ಲು, ಸಲ್ಲೇಖನ ವ್ರತದಿಂದ ದೇಹ ಬಿಟ್ಟವರಿಗೆ ನಿಸಿಧಿಗಲ್ಲು: ಸಾವಿನ ಬಗೆಗೆ ತಕ್ಕಂತೆ ಕಲ್ಲಿನ ಹೆಸರೂ ಬೇರೆ. ಗಂಗದೊರೆ ಇಮ್ಮಡಿ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ವ್ರತ ಕೈಗೊಂಡು ಮುಡಿಪಿದ ಸಂಗತಿ ಶ್ರವಣಬೆಳಗೊಳದ ಶಾಸನದಲ್ಲಿದೆ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಬಳಿಕ ಆಕೆಯ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಉಪವಾಸದಿಂದ ದೇಹತ್ಯಾಗ ಮಾಡಿದಳು. ಇದು ಪೂರ್ಣವಾಗಿ ವ್ರತವೋ, ಮಗಳನ್ನು ಕಳೆದುಕೊಂಡ ಶೋಕವೋ? ಶಾಸನದಿಂದ ಇದನ್ನು ಬೇರ್ಪಡಿಸಿ ಹೇಳಲಾಗದು. ಏಕೆಂದರೆ ಕಲ್ಲನ್ನು ನಿಲ್ಲಿಸಿದವರು ಉಳಿದವರು. ಅಲ್ಲಿರುವುದು ಅವರ ಮಾತು. ಮಾಸ್ತಿಕಲ್ಲಿನ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಹಳಗನ್ನಡದಲ್ಲಿ ಹೆಸರುಗಳು ಸ್ಪಷ್ಟವಾಗಿದ್ದವು ಎಂದ ಮಾತ್ರಕ್ಕೆ ಸತ್ತವರ ಸಮ್ಮತಿಯೂ ಸ್ಪಷ್ಟವಾಗಿತ್ತೆಂದು ಭಾವಿಸಲಾಗದು.

ಸಲ್ಲೇಖನವನ್ನು ಕುರಿತ ಆಧುನಿಕ ವಿವಾದದ ಕೇಂದ್ರದಲ್ಲಿರುವುದೂ ಈ ಸಮ್ಮತಿಯೇ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಅದನ್ನು ಆತ್ಮಹತ್ಯೆಗೆ ಸಮನೆಂದು ಪರಿಗಣಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ವ್ರತವನ್ನು ಸಮರ್ಥಿಸುವವರು ಅದು ಸ್ವೇಚ್ಛೆಯಿಂದ, ರಾಗದ್ವೇಷಗಳನ್ನು ತೊರೆದು ಕೈಗೊಳ್ಳುವಂಥದ್ದೆಂದು ವಾದಿಸುತ್ತಾರೆ. ವಿರೋಧಿಸುವವರು ವೃದ್ಧರ ಮೇಲೆ ಕುಟುಂಬ ಹಾಗೂ ಸಮುದಾಯದ ಒತ್ತಡ ಬೀಳಬಹುದೆಂದು ಶಂಕಿಸುತ್ತಾರೆ.

ಈ ಹಿನ್ನೆಲೆಯಲ್ಲಿ 2018ರ ಮಾರ್ಚ್ 9ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮಹತ್ವವನ್ನು ಅರಿಯಬೇಕು. ಘನತೆಯಿಂದ ಸಾಯುವುದೂ ಜೀವಿಸುವ ಹಕ್ಕಿನ ಭಾಗವೆಂದು ಅದು ಸಾರಿತು. ಪ್ರಜ್ಞೆಯಿರುವಾಗಲೇ ವ್ಯಕ್ತಿಯು ತನ್ನ ಇಚ್ಛೆಯನ್ನು ಬರೆದಿಡುವ ‘ಲಿವಿಂಗ್ ವಿಲ್’ಗೆ ಮಾನ್ಯತೆ ನೀಡಿತು. 2023ರ ಜನವರಿಯಲ್ಲಿ ಕ್ರಮ ಸರಳವಾಯಿತು: ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿ ಮಾಡಿದ ಪತ್ರವನ್ನು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಿದರೆ ಸಾಕು. ಚಿಕಿತ್ಸೆ ಹಿಂತೆಗೆಯುವ ಮುನ್ನ ವೈದ್ಯರ ಎರಡು ಮಂಡಳಿಗಳು ಪರಿಶೀಲಿಸಬೇಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು.

ಗುರುಗ್ರಾಮದಂತಹ ನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ದೂರದ ಸಂಗತಿಯಲ್ಲ. ಊರಿನಿಂದ ಬಂದ ತಾಯಿ ತೀವ್ರನಿಗಾ ಘಟಕದಲ್ಲಿ ಮಾತಿಲ್ಲದೆ ಮಲಗಿದಾಗ, ವೈದ್ಯರ ಪ್ರಶ್ನೆಗೆ ಮಕ್ಕಳು ಉತ್ತರಿಸಬೇಕಾಗುತ್ತದೆ. ಅಣ್ಣನ ಉತ್ತರ ಒಂದು, ತಂಗಿಯದು ಇನ್ನೊಂದು ಆಗಬಹುದು. ಯಾರದು ಹೆಚ್ಚಿನ ಪ್ರೀತಿ ಎಂಬ ಜಗಳ ಅಲ್ಲಿ ತೀರುವಂಥದ್ದಲ್ಲ. ತಾಯಿಯೇ ತನಗೆ ತಿಳಿಯುವ ಭಾಷೆಯಲ್ಲಿ ಮೊದಲೇ ಬರೆದಿಟ್ಟಿದ್ದರೆ ಅವರ ಹೊರೆ ಇಳಿಯುತ್ತದೆ. ಅಂತಹ ಬರಹಕ್ಕೆ ಅರ್ಥ ಕವಲೊಡೆಯದ ಕನ್ನಡ ಪದಗಳು ಬೇಕು. ಅವುಗಳನ್ನು ಒದಗಿಸುವ ಹೊಣೆಯಲ್ಲಿ ಭಾಷೆಯ ವಿದ್ವಾಂಸರಿಗೂ ಪಾಲಿದೆಯೆಂದು ನಾವು ಭಾವಿಸುತ್ತೇವೆ.